ಮೌಸಿನ ಮೇಲೆ ಕುಂಕುಮ

ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಯಲ್ಲಿ ದೇವರ ಕೋಣೆ ಅಂತ ಬೇರೆ ಇರಲಿಲ್ಲ. ಹಾಲಿನ ಮೂಲೆಯಲ್ಲಿ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಮರದ ಮಂಟಪವೇ ದೇವರ ಮನೆ. ಅದರ ಪಕ್ಕಕ್ಕೇ ಕಂಪ್ಯೂಟರಿನ ಮೇಜು. ನಮಸ್ಕಾರ ಮಾಡಿ ಏಳುವಾಗ ಎಚ್ಚರ ತಪ್ಪಿದರೆ ಕೀಬೋರ್ಡಿನ ಹಲಗೆ ತಲೆಗೆ ಬಡಿಯುತ್ತಿತ್ತು. ದಿನಾ ಬಡಿಯುತ್ತಿರಲಿಲ್ಲ ಅನ್ನುವುದೇ ನನ್ನ ಪುಣ್ಯ.

ಆ ಕಂಪ್ಯೂಟರ್ ಬಂದದ್ದು ನನ್ನ ನಾದಿನಿಗಾಗಿ. ನಾವು ದಾವಣಗೆರೆ ಕಡೆಯವರು. ನಮ್ಮ ಮನೆಯವರು ಕೆ.ಆರ್. ಪುರದ ಹತ್ತಿರ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ನಮಗೆ ಮಕ್ಕಳಿಲ್ಲ. ಇವರ ಕೊನೆಯ ತಂಗಿ ಡಿಗ್ರಿ ಮುಗಿಸಿ ಊರಲ್ಲಿ ಕೂತಿದ್ದಳು. ಅವಳಿಗೊಂದು ಸಂಬಂಧ ಕಾದಿತ್ತು. ಹುಡುಗ ಅನ್ನಬೇಕೋ ಯಜಮಾನರು ಅನ್ನಬೇಕೋ, ಮೊದಲ ಹೆಂಡತಿ ತೀರಿಕೊಂಡಿದ್ದವರು, ಅವಳಿಗಿಂತ ಹದಿನೈದು ವರ್ಷ ದೊಡ್ಡವರು. ಅವಳು ಒಂದು ದಿನ ಒಂದು ಬ್ಯಾಗು ಹಿಡಿದು ನಮ್ಮ ಮನೆಗೆ ಬಂದವಳೇ ಅಣ್ಣನ ಮುಂದೆ ನಿಂತು ಹೇಳಿದಳು:

"ಆರು ತಿಂಗಳ ಕೋರ್ಸು ಅಣ್ಣಾ. ಮುಗಿಸಿ ಒಂದು ಕೆಲಸ ಹಿಡೀತೀನಿ. ಸಿಗಲಿಲ್ಲ ಅಂದ್ರೆ ನೀವು ತೋರಿಸಿದಲ್ಲಿ ಕುತ್ತಿಗೆ ಕೊಡ್ತೀನಿ. ಮಾತಿಗೆ ತಪ್ಪಲ್ಲ."

ಇವರು ಒಪ್ಪಿದರು. ಬಾಣಸವಾಡಿಯ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಲೆಕ್ಕಪತ್ರದ ಕೋರ್ಸಿಗೆ ಸೇರಿಸಿದರು. ಮನೆಯಲ್ಲಿ ಅಭ್ಯಾಸಕ್ಕೆ ಬೇಕೆಂದು ಗೆಳೆಯರೊಬ್ಬರಿಂದ ಹಳೆಯ ಕಂಪ್ಯೂಟರ್ ತಂದರು. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಮನೆ. ಊಟವಾಗಿ ಪಾತ್ರೆ ತೊಳೆದ ಮೇಲೆ ನಾನೂ ಅವಳ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ನಾನು ಹತ್ತನೆಯ ತರಗತಿ ಪಾಸಾದವಳು. ಇಂಗ್ಲಿಷ್ ಅಕ್ಷರ ಗೊತ್ತು, ಕೂಡಿಸಿಕೊಂಡು ಓದುತ್ತೇನೆ. ಅವಳು ನನ್ನ ಬೆರಳು ಹಿಡಿದು ಮೌಸಿನ ಮೇಲೆ ಇಟ್ಟಳು. ಮೊದಲ ವಾರ ಬಾಣದ ಗುರುತು ಸಿಕ್ಕಲ್ಲಿ ಓಡಿತು. ಮೂರನೆಯ ವಾರಕ್ಕೆ ನಾನು ಮನೆದೇವರು ಚೌಡಮ್ಮನ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ.

"ಅಣ್ಣಂಗೆ ತೋರಿಸೋಣ ಅತ್ತಿಗೆ."

"ಬೇಡ ಮಾರಾಯ್ತಿ. ಆಮೇಲೆ ಊಟಕ್ಕೆ ಕೂತಾಗೆಲ್ಲ 'ನಮ್ಮನೇಲಿ ಇಂಜಿನಿಯರ್ ಇದಾರೆ' ಅಂತ ಆಡ್ಕೋತಾರೆ. ಪೂರ್ತಿ ಕಲೀಲಿ ತಡಿ."

ಹೀಗೆ ಅದು ನಮ್ಮಿಬ್ಬರ ಗುಟ್ಟಾಯಿತು. ಮುಂದೆ ಆದದ್ದಕ್ಕೆಲ್ಲ ಆ ಗುಟ್ಟೇ ಮೂಲ ಎಂದು ಈಗ ಕಾಣುತ್ತದೆ.

ಕಂಪ್ಯೂಟರಿನಲ್ಲಿ ವೈರಸ್ ಬಾರದ ಹಾಗೆ ನೋಡಿಕೊಳ್ಳುವ ಒಂದು ಪ್ರೋಗ್ರಾಮ್ ಇತ್ತು. ಪರದೆಯ ಕೆಳಗೆ ಬಲಮೂಲೆಯಲ್ಲಿ ಅದರ ಪುಟ್ಟ ಚಿತ್ರ.

"ಬಾಗಿಲಲ್ಲಿ ಕಾವಲುಗಾರ ಇದ್ದಂಗೆ ಅತ್ತಿಗೆ. ಇಂಟರ್ನೆಟ್ಟಿಂದ ಕಳ್ಳರು ಬಂದ್ರೆ ಹಿಡಿಯುತ್ತೆ," ಅಂದಳು.

"ಸಂಬಳ ಎಷ್ಟು ಅದಕ್ಕೆ?"

"ಫ್ರೀ."

"ಸಂಬಳ ತಗೊಳ್ಳದ ಕಾವಲುಗಾರನ್ನ ಯಾರಾದ್ರೂ ನಂಬ್ತಾರಾ?"

ಇಬ್ಬರೂ ನಕ್ಕೆವು. ಆ ವರ್ಷ ನವರಾತ್ರಿಯ ಮೊದಲ ವಾರದಲ್ಲಿ ಅದೇ ಕಾವಲುಗಾರ ಒಂದು ಚೀಟಿ ತೋರಿಸತೊಡಗಿತು. ಹಳೆಯ ಫ್ರೀ ಆವೃತ್ತಿ ನಿಲ್ಲುತ್ತದೆ, ಹೊಸದನ್ನು ಹಾಕಿಕೊಳ್ಳಿ, ಅದೂ ಫ್ರೀಯೇ, ಇಂಥ ದಿನದೊಳಗೆ ಮಾಡಿ ಅಂತ. ಅದು ಹೇಳಿದ ಕೊನೆಯ ದಿನ ನೋಡಿದರೆ ಮಹಾನವಮಿ. ಆಯುಧಪೂಜೆ.

ನಾದಿನಿ ಅಷ್ಟಮಿಯ ಸಂಜೆ ಅದನ್ನು ಹಾಕಲು ಕೂತಳು. ನಾನು ಅಷ್ಟರಲ್ಲೇ ಮಾನಿಟರನ್ನೂ ಸಿ.ಪಿ.ಯು. ಡಬ್ಬಿಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಜಿಗೆ ರಂಗೋಲಿ ಎಳೆದಿದ್ದೆ. ನಮ್ಮಲ್ಲಿ ಆಯುಧಪೂಜೆಗೆ ಅಣಿ ಮಾಡಿದ ವಸ್ತುವನ್ನು ಮತ್ತೆ ಮುಟ್ಟುವುದು ದಶಮಿಯ ದಿನವೇ. ಈಳಿಗೆಮಣೆ ಪೂಜೆಗಿಟ್ಟ ಮೇಲೆ ನಾನು ತರಕಾರಿಯನ್ನು ಕೈಯಲ್ಲೇ ಮುರಿದು ಹಾಕುತ್ತೇನೆ. ಇವರ ಸ್ಕೂಟರೂ ಕದಲುವುದಿಲ್ಲ.

"ಬೇಡ ಕಣೇ, ಒರೆಸಿ ಇಟ್ಟಾಗಿದೆ," ಅಂದೆ.

"ನಾಳೆಗೆ ನಿಂತುಹೋಗುತ್ತೆ ಅತ್ತಿಗೆ. ಅರ್ಧ ಗಂಟೆ ಕೆಲಸ."

"ಚೌಡಮ್ಮ ಕಾಯದ್ದನ್ನ ಆ ಕಾವಲುಗಾರ ಕಾಯ್ತಾನಾ? ಒಂದು ದಿನ ತಾನೇ. ದಶಮಿ ದಿನ ಮಾಡು, ಒಳ್ಳೇದಾಗುತ್ತೆ."

ಅವಳು ಎದ್ದಳು. ಮಾತು ಬೆಳೆಸುವ ಸ್ವಭಾವ ಅವಳದ್ದಲ್ಲ. ಮರುದಿನ ಮಾನಿಟರಿಗೂ ಡಬ್ಬಿಗೂ ಗಂಧ ಕುಂಕುಮ ಇಟ್ಟು ಚೆಂಡುಹೂವು ಏರಿಸಿದೆ. ಕೀಬೋರ್ಡಿಗೂ ಮೌಸಿಗೂ ಇಡಲಿಲ್ಲ. ಅದರ ಹಿಂದೆ ಒಮ್ಮೆ ಶುಕ್ರವಾರ ಕೀಬೋರ್ಡಿಗೆ ಕುಂಕುಮ ಇಟ್ಟು ಎರಡು ಕೀಲಿ ಅಂಟಿಕೊಂಡಿದ್ದವು. ಅವಳು ಸೂಜಿ ಹಿಡಿದು ಕೆರೆದು ತೆಗೆದು, "ಕೀಬೋರ್ಡು, ಮೌಸು ಇವೆರಡು ಬಿಟ್ಟು ಎಲ್ಲಿ ಬೇಕಾದ್ರೂ ಇಡಿ ಅತ್ತಿಗೆ" ಎಂದು ಮಾತು ತೆಗೆದುಕೊಂಡಿದ್ದಳು.

ವಿಜಯದಶಮಿಯ ಬೆಳಿಗ್ಗೆ ಇವರು ಸ್ಕೂಟರಿನಲ್ಲಿ ಗೆಳೆಯರ ಮನೆಗೆ ಹೋದರು. ನಾದಿನಿ ಬಾಣಸವಾಡಿಗೆ, ಜೊತೆಯಲ್ಲಿ ಓದುವ ಹುಡುಗಿಯ ಮನೆಗೆ ಊಟಕ್ಕೆ ಹೋದಳು. ನಾನೊಬ್ಬಳೇ. ಪೂಜೆ ಮುಗಿಸಿ, ಇಟ್ಟ ಆಯುಧಗಳನ್ನು ಒಂದೊಂದಾಗಿ ಶಾಸ್ತ್ರಕ್ಕೆ ಬಳಸಿದೆ. ಈಳಿಗೆಮಣೆಯಲ್ಲಿ ಒಂದು ಬದನೆಕಾಯಿ ಹೆಚ್ಚಿದೆ. ಹೊಲಿಗೆ ಯಂತ್ರದಲ್ಲಿ ಒಂದು ಗೇಣು ಹೊಲಿದೆ. ಉಳಿದದ್ದು ಕಂಪ್ಯೂಟರ್. ವಿಜಯದಶಮಿ ವಿದ್ಯೆ ಶುರುಮಾಡುವ ದಿನ. ಆ ದಿನ ಹಿಡಿದ ಕೆಲಸ ಕೆಡುವುದಿಲ್ಲವೆಂದು ಅಜ್ಜಿಯ ಕಾಲದಿಂದ ಕೇಳಿದ್ದೇನೆ. ನನ್ನಿಂದ ನಿಂತ ಕೆಲಸ, ನಾನೇ ಮಾಡಿಟ್ಟರೆ ಆ ಹುಡುಗಿಗೆ ಎಷ್ಟು ಖುಷಿಯಾದೀತು ಅನಿಸಿತು. ಮಾನಿಟರಿಗೆ ಹೊಸದಾಗಿ ಕುಂಕುಮ ಇಟ್ಟು ಗುಂಡಿ ಒತ್ತಿದೆ.

ಕಾವಲುಗಾರನ ಚಿತ್ರ ಬಣ್ಣಗೆಟ್ಟು ನಿಂತಿತ್ತು. ಇಂಟರ್ನೆಟ್ ತೆರೆದು ಅವಳು ಮಾಡುವ ಹಾಗೆ ಫ್ರೀ ಎಂದೂ ಆ್ಯಂಟಿವೈರಸ್ ಎಂದೂ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಸಾಲು ಸಾಲಾಗಿ ಬಂದವು. ಮೊದಲನೆಯದರಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಫ್ರೀ ಇತ್ತು. ಒತ್ತಿದೆ. ಹಳದಿ ಡಬ್ಬಿಯೊಂದು ಮಿಣುಕತೊಡಗಿತು. ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗಲೇ ಅಪ್‌ಗ್ರೇಡ್ ಮಾಡಿ. ನೋಡಿ, ಅಷ್ಟು ಚೆನ್ನಾಗಿ ಹೇಳುತ್ತಿದೆಯಲ್ಲ ಅಂದುಕೊಂಡೆ. ಅಪಾಯ ಎಂದು ಮುಂಚೆಯೇ ಹೇಳುವವರು ನಮ್ಮ ಹಿತವರೇ ಅಲ್ಲವೇ? ಚೌಡಮ್ಮನನ್ನು ನೆನೆದು ಯೆಸ್ ಒತ್ತಿದೆ. ಮತ್ತೆ ಕೇಳಿತು. ಮತ್ತೆ ಯೆಸ್. ಎಷ್ಟು ಸಲ ಕೇಳಿತೋ ಅಷ್ಟು ಸಲವೂ ಯೆಸ್.

ಹಸಿರು ಪಟ್ಟಿ ತುಂಬಿತು. ಆಮೇಲೆ ಪರದೆಯ ಮೇಲಿದ್ದ ಹೂವಿನ ಚಿತ್ರ ಮಾಯವಾಗಿ ಕಪ್ಪಾಯಿತು. ಎಂದೂ ಕಾಣದ ಒಂದಷ್ಟು ಗುರುತುಗಳು ಎದ್ದು ನಿಂತವು. ಗೋಡೆಯ ಸ್ವಿಚ್ಚನ್ನೇ ಆರಿಸಿ, ನಾನೇ ಹೊಲಿದ ಹೂಬಟ್ಟೆಯ ಮುಸುಕು ಹೊದಿಸಿ ಅಡುಗೆಮನೆಗೆ ಹೋದೆ. ಮತ್ತೆ ಹಚ್ಚಿದರೆ ಸರಿಯಾಗಬಹುದು ಎಂದು ಸಂಜೆಯವರೆಗೂ ಹೇಳಿಕೊಂಡೆ. ಹಚ್ಚಿ ನೋಡುವ ಧೈರ್ಯ ಬರಲಿಲ್ಲ.

ಸಂಜೆ ಬನ್ನಿ ಕೊಡುವ ಹೊತ್ತು. ನಮ್ಮ ಕಡೆ ದಶಮಿಯ ಸಂಜೆ ಬನ್ನಿ ಎಲೆ ಕೈಯಲ್ಲಿಟ್ಟು ದೊಡ್ಡವರ ಕಾಲಿಗೆ ಬೀಳುತ್ತಾರೆ. ನಾದಿನಿ ಅಣ್ಣನಿಗೆ ಕೊಟ್ಟಳು, ಆಮೇಲೆ ನನಗೆ. "ಬನ್ನಿ ತಗೊಂಡು ಬಂಗಾರದಂಗೆ ಇರೋಣ ಅತ್ತಿಗೆ" ಅಂದಳು. ಅವಳ ತಲೆಯ ಮೇಲೆ ಕೈಯಿಟ್ಟೆ.

ಅಷ್ಟರಲ್ಲಿ ಕೆಳಗಿನ ಮನೆಯ ಓನರಮ್ಮ ತಾಂಬೂಲಕ್ಕೆ ಬಂದರು. ಹೊರಮಾವಿನ ಹಳೆಯ ರೈತರ ಮನೆತನದವರು. ಒಂದು ಕಾಲದಲ್ಲಿ ರಾಗಿ ಬೆಳೆದ ಹೊಲದಲ್ಲೇ ಈಗ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಅವರ ಮೊಮ್ಮಗನ ಹುಟ್ಟುಹಬ್ಬದ ಫೋಟೋಗಳ ಸಿ.ಡಿ.ಯನ್ನು ನಾದಿನಿ ನಮ್ಮ ಕಂಪ್ಯೂಟರಿಗೆ ಹಾಕಿಟ್ಟಿದ್ದಳು.

"ಏ ಹುಡ್ಗಿ, ಆ ಫೋಟೋ ತೋರ್ಸಮ್ಮಾ. ಕನ್ನಡಕ ತಂದಿದೀನಿ ಇವತ್ತು," ಅಂದರು.

"ತೋರಿಸು ತೋರಿಸು," ಅಂದರು ಇವರು.

ನಾನು "ಈಗ ಬೇಡ, ಅಡುಗೆ…" ಅಂದೆ. ಅಡುಗೆಗೂ ಫೋಟೋಗೂ ಏನು ಸಂಬಂಧವೋ ನನಗೇ ಗೊತ್ತಿರಲಿಲ್ಲ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾದಿನಿ ಮುಸುಕು ತೆಗೆದಳು, ಕೂತಳು, ಮೌಸಿಗೆ ಕೈ ಹಾಕಿದವಳು ಒಂದು ಕ್ಷಣ ನಿಂತು, ದುಪಟ್ಟಾದ ಅಂಚಿನಿಂದ ಅದನ್ನು ಒರೆಸಿದಳು. ಧೂಳಿರಬೇಕು ಅಂದುಕೊಂಡೆ. ಗುಂಡಿ ಒತ್ತಿದಳು.

ಫೋಟೋ ತೆರೆಯುವುದಕ್ಕೆ ಮುಂಚೆ ಪರದೆಯ ತುಂಬ ಒಬ್ಬ ಹೆಂಗಸಿನ ಚಿತ್ರ ಬಂತು. ಅದನ್ನು ನಾನು ಬರೆಯುವುದಿಲ್ಲ. ದೇವರ ಮಂಟಪದ ದೀಪದ ಬೆಳಕು ಆ ಗಾಜಿನ ಮೇಲೆ ಬಿದ್ದಿತ್ತು, ಅಷ್ಟು ಹೇಳಿದರೆ ಸಾಕು. ನಾದಿನಿ ಮುಚ್ಚಿದಳು. ಎರಡು ಬಂದವು. ಎರಡನ್ನೂ ಮುಚ್ಚಿದಳು. ನಾಲ್ಕು ಬಂದವು.

"ಅಯ್ಯೋ ಶಿವನೇ! ಇದ್ಯಾರಮ್ಮ ಇವ್ಳು, ಮೈಮೇಲೆ ಒಂದೆಳೆ ನೂಲಿಲ್ದೆ! ನನ್ ಮೊಮ್ಮಗ ಎಲ್ಲಿ?" ಅಂದರು ಓನರಮ್ಮ.

ಇವರು ಹೋಗಿ ಪ್ಲಗ್ಗನ್ನೇ ಕಿತ್ತರು. ಓನರಮ್ಮ ಎಲೆ ಅಡಿಕೆ ಸೆರಗಿಗೆ ಕಟ್ಟಿಕೊಂಡು ಎದ್ದರು. ಮೆಟ್ಟಿಲಿನಲ್ಲಿ ನನ್ನ ಕೈ ಹಿಡಿದು ಮೆಲ್ಲಗೆ, "ನಂಗೇನಿಲ್ಲಮ್ಮ, ನಾನ್ ಯಾರ್ಗೂ ಹೇಳಕ್ಕೋಗಲ್ಲ. ಆದ್ರೂ ವಯಸ್ಸಿಗೆ ಬಂದಿರೋ ಮಗು. ಮಧ್ಯಾಹ್ನ ಎಲ್ಲಾ ಅದ್ರ ಮುಂದೇನೇ ಕೂತಿರ್ತದೆ. ನೋಡ್ಕೊಳ್ಳಿ," ಅಂದರು.

ನಾನು ಮೇಲೆ ಬರುವಷ್ಟರಲ್ಲಿ ಶುರುವಾಗಿತ್ತು.

"ಇದೇನಾ ನಿನ್ನ ಕೋರ್ಸು?"

"ಅಣ್ಣಾ, ನಾನಲ್ಲ. ವೈರಸ್ ಬಂದಿದೆ."

"ವೈರಸ್ಸು ತಾನಾಗೇ ನಡ್ಕೊಂಡು ಬಂತಾ? ಫ್ಯಾಕ್ಟರೀಲಿ ನಮ್ಮ ಕಂಪ್ಯೂಟರ್ ಸೆಕ್ಷನ್ನಿನವರು ಹೇಳ್ತಿರ್ತಾರೆ, ನೋಡಬಾರದ್ದು ನೋಡಿದ್ರೇ ಇವೆಲ್ಲ ಬರೋದು ಅಂತ. ನೀನಲ್ಲ ಅಂದ್ರೆ ಯಾರು? ನಾನು ಬೆಳಿಗ್ಗೆ ಹೋಗಿ ರಾತ್ರಿ ಬರೋನು. ನಿಮ್ಮತ್ತಿಗೆ ನೋಡಿದ್ಲಾ? ಅವಳಿಗೆ ಅದನ್ನ ಹಚ್ಚೋಕೂ ಬರಲ್ಲ!"

ಅದು ನಾನು ಮಾತಾಡಬೇಕಾಗಿದ್ದ ಜಾಗ. ಅವಳು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಬೈಸಿಕೊಳ್ಳುವ ಹೆದರಿಕೆಯಾಗಿದ್ದರೆ ಹೇಗೋ ನುಂಗಿಕೊಂಡು ಹೇಳುತ್ತಿದ್ದೆನೇನೋ. ಆ ಚಿತ್ರ ನನ್ನ ಬೆರಳಿನಿಂದ ಬಂತು ಎಂದು ಹೇಳುವುದು ಹೇಗೆ? ಆ ಹೆಂಗಸಿನ ಪಕ್ಕ ನನ್ನನ್ನು ನಿಲ್ಲಿಸಿಕೊಂಡ ಹಾಗೆ ಅನಿಸಿತು. ದಿನಾ ಬೆಳಿಗ್ಗೆ ಸ್ನಾನವಿಲ್ಲದೆ ಒಲೆ ಹಚ್ಚದವಳು ನಾನು. ಬೀದಿಯಲ್ಲಿ ನನಗೆ ಇದ್ದ ಆಸ್ತಿ ಅಂದರೆ ಆ ಒಂದು ಹೆಸರೇ.

ಇವರು ಇಂಟರ್ನೆಟ್ಟಿನ ತಂತಿ ಸುತ್ತಿ ಬೀರುವಿನಲ್ಲಿಟ್ಟು, "ಕ್ಲಾಸು ಸಾಕು. ಭಾನುವಾರ ಊರಿಗೆ ಬಿಟ್ಟು ಬರ್ತೀನಿ. ಅಪ್ಪನಿಗೆ ಫೋನ್ ಮಾಡ್ತೀನಿ, ಆ ಸಂಬಂಧದವರಿಗೆ ಹೂಂ ಅನ್ನಲಿ," ಅಂದರು.

ಕೋರ್ಸು ಮುಗಿಯಲು ಇನ್ನು ಮೂರು ವಾರ ಇತ್ತು. ಇಂದಿರಾನಗರದ ಒಂದು ಆಫೀಸಿನವರು ಸರ್ಟಿಫಿಕೇಟ್ ತಂದರೆ ಸೇರಿಸಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದ್ದರು. ಅವಳು ಅದನ್ನು ಅಣ್ಣನಿಗೆ ನೆನಪಿಸಲಿಲ್ಲ. ಕೋಣೆಗೆ ಹೋಗಿ ಬಾಗಿಲನ್ನು ಸದ್ದಾಗದ ಹಾಗೆ ಮುಂದಕ್ಕೆ ತಳ್ಳಿದಳು.

ಆ ವಾರ ಮನೆಯಲ್ಲಿ ಎಲ್ಲವೂ ನಡೆಯಿತು. ನೀರು ಹೊತ್ತಿಗೆ ಸರಿಯಾಗಿ ಬಂತು. ಮುಗಿಯಬೇಕಾಗಿದ್ದ ಗ್ಯಾಸು ಮುಗಿಯಲಿಲ್ಲ. ನಾನು ಇಂಥವನ್ನೆಲ್ಲ ದೇವರ ದಯೆ ಎಂದು ಎಣಿಸಿಕೊಳ್ಳುವವಳು. ಆ ವಾರ ಎಣಿಸುವಾಗೆಲ್ಲ ನಾಲಿಗೆ ತಡವರಿಸುತ್ತಿತ್ತು. ನಾದಿನಿ ನನಗಿಂತ ಮುಂಚೆ ಎದ್ದು ಬಾಗಿಲು ಸಾರಿಸುತ್ತಿದ್ದಳು, ರೊಟ್ಟಿ ತಟ್ಟುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅಳುವುದನ್ನಂತೂ ನಾನು ನೋಡಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ನನ್ನ ಭಾರ ಸ್ವಲ್ಪ ಇಳಿಸಿಕೊಳ್ಳುತ್ತಿದ್ದೆನೋ ಏನೋ.

ಶುಕ್ರವಾರ ಬೆಳಿಗ್ಗೆ ಹಲಸೂರಿನಿಂದ ಕಂಪ್ಯೂಟರ್ ರಿಪೇರಿಯವರು ಬಂದರು. ನಲವತ್ತರ ಆಸುಪಾಸಿನ ತಮಿಳಿನವರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಸ್ಕ್ರೂಡ್ರೈವರುಗಳ ಚೀಲ. ಇವರು ಫ್ಯಾಕ್ಟರಿಯಿಂದ ಫೋನ್ ಮಾಡಿ ಕರೆಸಿದ್ದರು. ನಾದಿನಿ ಬಟ್ಟೆ ಒಣಗಹಾಕಲು ತಾರಸಿಗೆ ಹೋಗಿದ್ದಳು. ನಾನು ಕಾಫಿ ಇಟ್ಟು ಗೋಡೆಗೆ ಒರಗಿ ನಿಂತೆ.

"ಮುರುಗಾ, ಮುರುಗಾ! ಏನ್ ಮೇಡಂ, ಇಷ್ಟೊಂದ್ ಜನಾನ ಮನೆ ಒಳಗೆ ಬಿಟ್ಕೊಂಡಿದೀರಾ!" ಎಂದು ಅವರು ಪರದೆಯನ್ನು ನನಗೆ ಕಾಣದ ಹಾಗೆ ತಿರುಗಿಸಿದರು. ಆ ಮರ್ಯಾದೆಗೆ ಇಂದಿಗೂ ಅವರಿಗೆ ಮನಸ್ಸಿನಲ್ಲಿ ಕೈ ಮುಗಿಯುತ್ತೇನೆ.

"ಕೆಟ್ಟದ್ದು ನೋಡಿದ್ರೇ ಇದು ಬರೋದಾ?" ಎಂದು ಕೇಳಿದೆ.

"ಯಾರ್ ಹೇಳಿದ್ದು? ಇದು ಡೂಪ್ಲಿಕೇಟ್ ಆ್ಯಂಟಿವೈರಸ್ ಮೇಡಂ. ಪೊಲೀಸ್ ಡ್ರೆಸ್ ಹಾಕ್ಕೊಂಡ್ ಬಂದ ಕಳ್ಳ. ಪಾಪ, ಯಾರೋ ಒಳ್ಳೇದು ಅಂದ್ಕೊಂಡು ಹಾಕಿದಾರೆ. ಮೊನ್ನೆ ಶಿವಾಜಿನಗರದಲ್ಲಿ ಒಬ್ಬ ವಕೀಲರ ಮನೇಲೂ ಇದೇ ಕಥೆ. ಇಲ್ನೋಡಿ, ಯಾವಾಗ ಹಾಕಿದ್ದು ಅಂತಾನೂ ಇದೆ. ಹಬ್ಬದ ದಿನ, ಹನ್ನೊಂದು ಗಂಟೆ ಹತ್ತು ನಿಮಿಷ."

ಹಬ್ಬದ ದಿನ ಹನ್ನೊಂದು ಗಂಟೆಗೆ ನಾದಿನಿ ಬಾಣಸವಾಡಿಯಲ್ಲಿದ್ದಳು. ಅದು ಇವರಿಗೂ ಗೊತ್ತು. ಆ ಒಂದು ಸಾಲು ಸಾಕಿತ್ತು.

"ಸಾರ್ ಎಲ್ಲಾ ಫಾರ್ಮ್ಯಾಟ್ ಮಾಡ್ಬಿಡಿ ಅಂದಿದಾರೆ. ಮಾಡ್ಲಾ? ಮಾಡಿದ್ರೆ ಏನೂ ಉಳಿಯಲ್ಲ. ಹೊಸ ಮನೆ ಥರಾ. ಫೋಟೋ ಎಲ್ಲಾ ಬೇರೆ ಕಡೆ ತೆಗೆದಿಟ್ಟಿದೀನಿ."

ಏನೂ ಉಳಿಯಲ್ಲ. ನನ್ನ ಕಿವಿಗೆ ಅಷ್ಟೇ ಬಿತ್ತು.

"ಮಾಡಿ," ಅಂದೆ.

ಎರಡು ಗಂಟೆ ಹಿಡಿಯಿತು. ಹೊರಡುವಾಗ ಅವರು, "ಆ್ಯಂಟಿವೈರಸ್ ಸಿ.ಡಿ. ತಂದಿಲ್ಲ ಮೇಡಂ. ಇಂಟರ್ನೆಟ್ ಹಾಕಿದ ತಕ್ಷಣ ಮೊದಲು ಆ ಕೆಲಸ ಮಾಡ್ಬಿಡಿ. ಸರಿಯಾದ ಜಾಗದಿಂದ ತಗೊಳ್ಳಿ," ಎಂದು ಎರಡು ಸಲ ಹೇಳಿ ಹೋದರು.

ನನಗೆ ಹಗುರವಾಗಬೇಕಾಗಿತ್ತು. ಶುಕ್ರವಾರವಲ್ಲವೇ, ಕೈಕಾಲು ತೊಳೆದು ದೀಪ ಹಚ್ಚಲು ಹೋದೆ. ಮೂರು ಕಡ್ಡಿ ಕೆರೆದೆ, ಮೂರೂ ನಂದಿದವು. ಗಾಳಿಯೇ ಇರಲಿ, ಕಡ್ಡಿಪೆಟ್ಟಿಗೆ ತೇವವಾಗಿತ್ತೆಂದೇ ಇರಲಿ. ನಾನು ನಾಲ್ಕನೆಯ ಕಡ್ಡಿ ಕೆರೆಯಲಿಲ್ಲ. ಅಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಶುಕ್ರವಾರ ದೀಪವಿಲ್ಲದೆ ಕಳೆದದ್ದು ಅದೊಂದೇ ಸಲ.

ಶನಿವಾರ ಸಂಜೆ ಇವರು ಬೇಗ ಬಂದರು. ಬಸ್ಸಿನ ಎರಡು ಟಿಕೆಟ್ಟು ಮೇಜಿನ ಮೇಲಿಟ್ಟು, ನಾದಿನಿಯನ್ನು ಕರೆದು, "ಬಟ್ಟೆ ತುಂಬ್ಕೋ. ಬೆಳಿಗ್ಗೆ ಆರಕ್ಕೆ," ಅಂದರು. ಅವಳು ಕೋಣೆಗೆ ಹೋಗಿ ತಾನು ಬಂದಾಗ ತಂದಿದ್ದ ಬ್ಯಾಗನ್ನೇ ಮಂಚದ ಕೆಳಗಿನಿಂದ ಎಳೆದಳು. ಅದರ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಅವಳು ಎಳೆಯುವ ಸದ್ದು ಹಾಲಿಗೆ ಕೇಳಿಸುತ್ತಿತ್ತು. ನಿಲ್ಲಿಸುವುದು, ಮತ್ತೆ ಎಳೆಯುವುದು.

"ರೀ," ಅಂದೆ. "ಅದನ್ನ ಮಾಡಿದ್ದು ನಾನು."

"ಯಾವುದನ್ನ?"

"ಕಂಪ್ಯೂಟರು. ದಶಮಿ ದಿನ ನೀವಿಬ್ಬರೂ ಇಲ್ಲದಾಗ ಆ್ಯಂಟಿವೈರಸ್ ಹಾಕೋಣ ಅಂತ ನಾನೇ ಕೂತೆ. ಯಾವುದೋ ಒತ್ತಿದೆ. ಅದರಿಂದ ಬಂದದ್ದು."

ಇವರು ನನ್ನನ್ನೇ ನೋಡಿದರು. ಆಮೇಲೆ ನಕ್ಕರು. ಕೆಟ್ಟ ನಗುವಲ್ಲ. ಅದೇ ಕಷ್ಟವಾದದ್ದು.

"ಅವಳ ಮೇಲೆ ನಿನಗೆ ಪ್ರೀತಿ, ಗೊತ್ತು. ಹಾಗಂತ ಅವಳ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೋಬೇಡ. ನೀನು ಕಂಪ್ಯೂಟರ್ ಮುಂದೆ ಕೂತಿದ್ದು ನಾನು ಯಾವತ್ತಾದ್ರೂ ನೋಡಿದೀನಾ?"

"ರಿಪೇರಿಯವರೇ ಹೇಳಿದ್ರು. ಹಬ್ಬದ ದಿನ ಹನ್ನೊಂದು ಗಂಟೆಗೆ ಹಾಕಿರೋದು ಅಂತ."

"ಎಲ್ಲಿ? ತೋರಿಸು."

ತೋರಿಸಲು ಏನಿತ್ತು? ಅಳಿಸಿ ಅಂದವಳು ನಾನೇ. ನನ್ನನ್ನು ಉಳಿಸಿಕೊಳ್ಳಲು ಒರೆಸಿ ಹಾಕಿದ್ದೇ ಅವಳನ್ನು ಉಳಿಸಬಹುದಾಗಿದ್ದ ಒಂದೇ ಸಾಲು. ಸುಳ್ಳನ್ನು ಐದು ದಿನ ಸುಮ್ಮನಿದ್ದು ಸಾಕಿದ್ದೆ, ಈಗ ನಿಜ ಹೇಳಿದರೆ ಅದೇ ಸುಳ್ಳಿನ ಹಾಗೆ ಕಾಣುತ್ತಿತ್ತು.

"ಆ ರಿಪೇರಿಯವರಿಗೆ ಫೋನ್ ಮಾಡಿ ಕೇಳಿ," ಅಂದೆ.

"ಯಾರೋ ಹೊರಗಿನವರಿಗೆ ಫೋನ್ ಮಾಡಿ, ನಮ್ಮನೆ ಹೆಂಗಸರಲ್ಲಿ ಇದನ್ನ ಮಾಡಿದ್ದು ಯಾರಪ್ಪಾ ಅಂತ ಕೇಳ್ಲಾ? ನಿಂಗೆ ತಲೆ ಸರಿ ಇದೆಯಾ?"

ಕೋಣೆಯಲ್ಲಿ ಜಿಪ್ಪಿನ ಸದ್ದು ನಿಂತಿತು. ನಾನು ಬೀರುವಿನ ಬಾಗಿಲು ತೆರೆದೆ. ಸೀರೆಗಳ ಕೆಳಗೆ ಸುತ್ತಿಟ್ಟಿದ್ದ ತಂತಿಯನ್ನು ತೆಗೆದುಕೊಂಡು ಬಂದು ಮೇಜಿನ ಮುಂದೆ ಕೂತೆ. ಅದನ್ನು ಹಿಂದೆ ಸಿಕ್ಕಿಸಲು ಮೊದಲ ಸಲ ಆಗಲಿಲ್ಲ. ಮಂಡಿಯೂರಿ ಮೇಜಿನ ಕೆಳಗೆ ತೂರಿ ಬೆರಳಿನಲ್ಲೇ ತಡವಿ ಸಿಕ್ಕಿಸಿದೆ. ಮೇಲೇಳುವಾಗ ಕೀಬೋರ್ಡಿನ ಹಲಗೆ ತಲೆಗೆ ಬಡಿಯಿತು. ಗುಂಡಿ ಒತ್ತಿದೆ. ಪರದೆ ಬೆಳಗಿತು. ಇಂಟರ್ನೆಟ್ ತೆರೆದೆ.

ಎಫ್ ಎಡಗಡೆ. ಆರ್ ಅದರ ಮೇಲೆ. ಇ ಎರಡು ಸಲ. ಬೆರಳುಗಳಿಗೆ ದಾರಿ ಗೊತ್ತಿತ್ತು. ಆ ಹುಡುಗಿ ಐದು ತಿಂಗಳು ಮಧ್ಯಾಹ್ನದ ನಿದ್ದೆ ಬಿಟ್ಟು ಕಲಿಸಿದ ದಾರಿ. ಸಾಲುಗಳು ಬಂದವು. ಮೊದಲನೆಯದು ಅದೇ, ದೊಡ್ಡ ಅಕ್ಷರದ್ದು.

"ಇದನ್ನ ಒತ್ತಿದೆ," ಎಂದು ಬೆರಳು ತೋರಿಸಿದೆ. "ಆಮೇಲೆ ಹಳದಿ ಡಬ್ಬಿ ಬಂತು. ಅಪಾಯ ಇದೆ, ಅಪ್‌ಗ್ರೇಡ್ ಮಾಡಿ ಅಂತ ಬರೆದಿತ್ತು. ಯೆಸ್ ಅಂದೆ. ಕೇಳಿದಷ್ಟು ಸಲ ಯೆಸ್ ಅಂದೆ. ಇನ್ನೊಂದ್ಸಲ ಒತ್ತಿ ತೋರಿಸ್ಲಾ?"

ಬಾಣದ ಗುರುತನ್ನು ಆ ಸಾಲಿನ ಮೇಲೆ ತಂದಿಟ್ಟಿದ್ದೆ. ಒತ್ತಿಬಿಡುತ್ತಿದ್ದೆನೋ ಏನೋ, ನಿಜವಾಗಿಯೂ ಗೊತ್ತಿಲ್ಲ. ಹಿಂದಿನಿಂದ ದನಿ ಬಂತು.

"ಅದಲ್ಲ ಅತ್ತಿಗೆ. ಕೆಳಗಿಂದು. ಮೂರನೇದು."

ನಾದಿನಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಹತ್ತಿರ ಬರಲಿಲ್ಲ. ನಾನು ಮೂರನೆಯದನ್ನು ಒತ್ತಿದೆ. ಅವಳು ಅಲ್ಲಿಂದಲೇ ಹೇಳುತ್ತಾ ಹೋದಳು, ನಾನು ಮಾಡುತ್ತಾ ಹೋದೆ. ಇಲ್ಲಿ ಯೆಸ್. ಇಲ್ಲಿ ನೋ. ಇಲ್ಲಿ ಏನು ಬರೆದಿದೆ ಓದಿ, ಓದಿ ಆಮೇಲೆ ಒತ್ತಿ. ನಮ್ಮ ಇಂಟರ್ನೆಟ್ ಆಗ ಆಮೆ. ಪಟ್ಟಿ ತುಂಬಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಇವರು ಕುರ್ಚಿಯಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಇವರು ನನ್ನ ಕೈಯನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಕೆಳಗಿನ ಮೂಲೆಯಲ್ಲಿ ಕಾವಲುಗಾರನ ಚಿತ್ರ ಬಣ್ಣ ತುಂಬಿಕೊಂಡು ಬಂತು.

ಇವರು ಎದ್ದರು. ಟಿಕೆಟ್ಟುಗಳನ್ನು ಜೇಬಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, "ವಾಪಸ್ ತಗೋತಾರಾ ನೋಡ್ತೀನಿ," ಎಂದು ಹೊರಟರು. ಬಾಗಿಲಲ್ಲಿ ತಂಗಿಯ ಪಕ್ಕ ಒಂದು ಗಳಿಗೆ ನಿಂತರು. "ಸೋಮವಾರ ಕ್ಲಾಸಿದೆಯಾ?" ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಇವರ ಬಾಯಲ್ಲಿ ತಪ್ಪಾಯಿತು ಎಂಬ ಮಾತು ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ನನ್ನನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವಳು ಹಾಲು ಕಾಯಿಸಲು ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋಗಿ ಅವಳ ಕೈ ಹಿಡಿದುಕೊಂಡೆ.

"ಕ್ಷಮಿಸು ಅಂತ ಹೇಳೋಕೂ ನಂಗೆ ಮುಖ ಇಲ್ಲ ಕಣೇ."

"ನಂಗೆ ಗೊತ್ತಿತ್ತು ಅತ್ತಿಗೆ."

"ಏನು?"

"ಮೌಸಿನ ಮೇಲೆ ಕುಂಕುಮ ಇತ್ತು. ಎಡಗಡೆ ಗುಂಡಿ ಮೇಲೆ, ನಿಮ್ಮ ಬೆರಳಿನಷ್ಟೇ. ಮೌಸಿಗೆ ನೀವು ಕುಂಕುಮ ಇಡಲ್ಲ ಅಂತ ಮಾತು ಕೊಟ್ಟಿದ್ರಿ. ಅಣ್ಣ ನೋಡ್ತಾರೆ ಅಂತ ಒರೆಸಿದೆ. ಏನಾಗಿದೆ ಅಂತ ಆಗ ಗೊತ್ತಿರಲಿಲ್ಲ. ನೀವು ಗುಟ್ಟಾಗಿ ಕಲೀತಿರೋದು ಹೊರಗೆ ಬೀಳದಿರಲಿ ಅಂತ ಅಷ್ಟೇ."

ಒಲೆಯ ಮೇಲೆ ಹಾಲು ಉಕ್ಕಲು ಬಂದಿತ್ತು. ಅವಳೇ ಆರಿಸಿದಳು.

"ಮತ್ತೆ ಅಣ್ಣ ಬೈದಾಗ ಯಾಕೆ ಹೇಳಲಿಲ್ಲ ನೀನು?"

ಅವಳು ಹಾಲಿನ ಪಾತ್ರೆ ಕೆಳಗಿಳಿಸಿದಳು. "ಹೇಳಿದ್ರೆ ಅಣ್ಣ ನಂಬ್ತಿರಲಿಲ್ಲ. ನಂಬಿದ್ರೆ ಅಂತ ಇಟ್ಕೊಳ್ಳಿ. ನಿಮ್ಮ ಮರ್ಯಾದೆ ತೆಗೆದ ಮೇಲೆ ನಾನು ಈ ಮನೇಲಿ ಹೆಂಗಿರ್ಲಿ ಅತ್ತಿಗೆ? ಇರೋ ಜಾಗ ನಿಮ್ಮದು. ನೀವೇ ಹೇಳ್ತೀರಾ ಅಂತ ದಿನಾ ಕಾದೆ."

ದಿನಾ ಕಾದೆ ಅಂದಾಗ ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ನೀರು ಕಾಯಲಿಕ್ಕಿಟ್ಟು ಕಾದೆ ಅನ್ನುವ ಹಾಗೆ ಅಂದಳು. ನನ್ನ ಆಶ್ರಯದಲ್ಲಿದ್ದ ಹುಡುಗಿಗೆ ನನ್ನ ಹೆಸರು ಹೇಳುವುದಕ್ಕೂ ನನ್ನ ಅಪ್ಪಣೆ ಬೇಕಾಗಿತ್ತು ಎಂದು ಆವರೆಗೆ ನನಗೆ ಹೊಳೆದಿರಲಿಲ್ಲ. ನಾನು ಅವಳನ್ನು ಮಗಳ ಹಾಗೆ ಇಟ್ಟುಕೊಂಡಿದ್ದೇನೆ ಎಂದು ಬೀದಿಯವರ ಮುಂದೆ ಹೇಳಿಕೊಳ್ಳುತ್ತಿದ್ದೆ. ಮಗಳಾಗಿದ್ದರೆ ಅವತ್ತೇ ಕಿರುಚುತ್ತಿದ್ದಳು.

ಮಾರನೆಯ ದಿನ ನಾನು ಕೆಳಗಿಳಿದು ಓನರಮ್ಮನಿಗೂ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಾ, "ನೀನಾ? ಅಷ್ಟೆಲ್ಲಾ ಓದಿದೀಯಾ ನೀನು?" ಎಂದು ಆಶ್ಚರ್ಯಪಟ್ಟರು. ಚಿತ್ರದ ಸುದ್ದಿ ಅವರಿಗೆ ಮರೆತೇ ಹೋಗಿತ್ತೋ, ಮರೆತ ಹಾಗೆ ನಟಿಸಿದರೋ. ಮೊಮ್ಮಗನ ಫೋಟೋ ಉಳಿದಿದೆ ಎಂದು ತಿಳಿದು ಸಮಾಧಾನಪಟ್ಟರು. ಅವರ ಕಿವಿಯಿಂದ ಬೀದಿಗೆ ಎಷ್ಟು ಹೋಗಿತ್ತೋ ನನಗೆ ತಿಳಿಯದು. ಹೋದದ್ದನ್ನು ಕರೆದು ತರುವ ಪ್ರೋಗ್ರಾಮ್ ಯಾವುದೂ ಇಲ್ಲ.

ನಾದಿನಿ ಕೋರ್ಸು ಮುಗಿಸಿದಳು. ಇಂದಿರಾನಗರದ ಕೆಲಸ ಸಿಕ್ಕಿತು. ಬೆಳಿಗ್ಗೆ ಎಂಟಕ್ಕೆ ಡಬ್ಬಿ ಹಿಡಿದು ಬಸ್ಸಿಗೆ ಓಡುತ್ತಿದ್ದಳು. ಊರಿನ ಆ ಸಂಬಂಧ ತಾನಾಗಿಯೇ ಬೇರೆ ಕಡೆ ಹೋಯಿತು. ಇವೆಲ್ಲ ದೊಡ್ಡ ದಯೆಗಳೇ, ಒಂದೊಂದನ್ನೂ ಎಣಿಸಿಕೊಂಡಿದ್ದೇನೆ. ನಮ್ಮ ಮನೆಯಲ್ಲಿ ಇನ್ನೂ ಒಂದೂವರೆ ವರ್ಷ ಇದ್ದಳು. ಕೇಳಿದ್ದಕ್ಕೆಲ್ಲ ನಗುತ್ತಲೇ ಉತ್ತರ ಕೊಡುತ್ತಿದ್ದಳು. ಭಾನುವಾರ ಮಧ್ಯಾಹ್ನ ನಾನು ಸ್ಟೂಲು ಎಳೆದುಕೊಂಡು ಕೂತರೆ ಮಾತ್ರ, "ನಿಮಗೆ ಈಗ ಎಲ್ಲಾ ಬರುತ್ತಲ್ಲ ಅತ್ತಿಗೆ" ಎಂದು ಕುರ್ಚಿ ಬಿಟ್ಟುಕೊಟ್ಟು ಎದ್ದು ಹೋಗುತ್ತಿದ್ದಳು.

ಮೌಸು ಒರೆಸಿದ್ದ ಆ ದುಪಟ್ಟಾ ತಿಳಿ ಹಸಿರಿನದು. ಇವರಿಗೆ ನಿಜ ಹೇಳಿದ ಮರುದಿನ, ಭಾನುವಾರ, ಬಟ್ಟೆ ಒಗೆಯುವಾಗ ನನ್ನ ಕೈಗೆ ಸಿಕ್ಕಿತು. ಅಂಚಿನಲ್ಲಿ ಬೆರಳಗಲದ ಕೆಂಪು. ಸಬೂನು ಹಚ್ಚಿದೆ, ನಿಂಬೆಹಣ್ಣು ಉಜ್ಜಿದೆ, ಬಿಸಿಲಿಗೆ ಹಾಕಿದೆ. ತಿಳಿಯಾಯಿತು, ಹೋಗಲಿಲ್ಲ. ಒಣಗಿದ ಮೇಲೆ ಮಡಿಸಿ, ಆ ಅಂಚು ಒಳಗೆ ಸೇರುವ ಹಾಗೆ ಅವಳ ಮಂಚದ ಮೇಲಿಟ್ಟೆ. ಸೋಮವಾರ ಕ್ಲಾಸಿಗೆ ಹೊರಟವಳು ಅದನ್ನೇ ಹೊದ್ದುಕೊಂಡಿದ್ದಳು, ಆ ಅಂಚನ್ನು ಮುಂದಕ್ಕೆ ಬಿಟ್ಟುಕೊಂಡು. ನಾನು ಅವಳಿಗೆ ಡಬ್ಬಿ ಕೊಟ್ಟು, ಒಳಗೆ ಬಂದು, ಶುಕ್ರವಾರ ಬಿಟ್ಟುಹೋಗಿದ್ದ ದೀಪವನ್ನು ಹಚ್ಚಿದೆ. ಒಂದೇ ಕಡ್ಡಿಗೆ ಹತ್ತಿತು.